ಅತ್ತೆಯ ಕೈತುತ್ತು

ತೊಂಬತ್ತೆಂಟರಲ್ಲಿ ನನ್ನ ಮಗಳು ಅಕ್ಷರಾಗೆ ಎರಡನೆಯ ಸಲ ಟೈಫಾಯ್ಡ್ ಬಂದಾಗ ನಾನು ಬೈಯದೆ ಬಿಟ್ಟವರಿಲ್ಲ. ವಿನೋಬನಗರದ ಪಾನಿಪುರಿ ಗಾಡಿಯವನಿಗೆ ಬೈದೆ, ನಲ್ಲಿ ನೀರಿಗೆ ಬೈದೆ, ನೀರು ಕುದಿಸಲು ಮರೆತ ಗಂಡನಿಗಂತೂ ಸಹಸ್ರನಾಮವೇ ಆಯಿತು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು ನಾನು. ವೈರಸ್, ಬ್ಯಾಕ್ಟೀರಿಯಾ, ಶಿಲೀಂಧ್ರ, ಯಾವುದು ಯಾವ ರೋಗ ತರುತ್ತದೆಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಕೊನೆಗೆ ಡಾಕ್ಟರು ಮನೆಯವರೆಲ್ಲರ ಮಲಪರೀಕ್ಷೆ ಮಾಡಿಸಿದರೆ, ಬ್ಯಾಕ್ಟೀರಿಯಾ ಸಿಕ್ಕಿದ್ದು ನಮ್ಮತ್ತೆ ನಂಜಮ್ಮನವರಲ್ಲಿ. ಮಾವ ತೀರಿಕೊಂಡ ಮೇಲೆ ಭದ್ರಾವತಿಯಿಂದ ನಮ್ಮ ಮನೆಗೆ ಬಂದು ಅವರಿಗೆ ವರ್ಷವಾಗಿತ್ತು.

"ಹಳೇ ಟೈಫಾಯ್ಡ್. ಪಿತ್ತಕೋಶದಲ್ಲಿ ಉಳ್ಕೊಂಡುಬಿಟ್ಟಿದೆ. ಅವರಿಗೇನೂ ಆಗಲ್ಲ, ಅವರ ಕೈಯಿಂದ ಬೇರೆಯವರಿಗೆ ಬರುತ್ತೆ," ಎಂದರು ಡಾಕ್ಟರು. ಒಂದು ತಿಂಗಳು ಮಾತ್ರೆ. ಮತ್ತೆ ಪರೀಕ್ಷೆಯಾಗುವ ತನಕ ಅವರು ಅಡುಗೆ ಮುಟ್ಟುವಂತಿಲ್ಲ, ಮಗುವಿಗೆ ಉಣಿಸುವಂತಿಲ್ಲ.

ಅಷ್ಟನ್ನು ಹೇಳುವುದು ಕಷ್ಟವಿರಲಿಲ್ಲ. ನನ್ನ ಭಯವೇ ಬೇರೆ. ಅತ್ತೆಗೆ ಆ ಜ್ವರ ಬಂದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ, ನನ್ನ ಗಂಡ ಹುಟ್ಟುವ ಮುಂಚೆ. ಮರುವರ್ಷ ಅದೇ ಜ್ವರದಲ್ಲಿ ಅವರ ಚೊಚ್ಚಲ ಮಗ ಪುಟ್ಟಣ್ಣ ಹೋದ. ಆರು ವರ್ಷದ ಹುಡುಗ. ಶಿವ ಕೊಟ್ಟ, ಶಿವ ಕರಕೊಂಡ ಎಂದುಕೊಂಡೇ ಅವರು ಇಷ್ಟು ಕಾಲ ಬದುಕಿದ್ದಾರೆ. ಅದು ತಮ್ಮ ಕೈಯಿಂದಲೇ ಆಗಿರಬಹುದು ಎಂಬುದು ಅವರಿಗೆ ಹೊಳೆಯಬಾರದು, ನನಗೆ ಬೇಕಾಗಿದ್ದುದು ಇಷ್ಟೇ.

ಮನೆಗೆ ಬಂದು ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿ ಕೇಳಿಸಿಕೊಂಡರು.

"ಈ ಹುಳ ನನ್ನೊಳಗೆ ಯಾವಾಗಿಂದ ಐತಂತೆ, ಪ್ರಿಯಾ?"

ತಪ್ಪು ಉತ್ತರ ಬರೆದ ಮಕ್ಕಳಿಗೆ ಅರ್ಧ ಅಂಕವನ್ನೂ ಕೊಡದವಳು ನಾನು. "ಈ ವರ್ಷ ಬಂದದ್ದು ಅತ್ತೆ. ಇಲ್ಲಿನ ನೀರು ನಿಮಗೆ ಒಗ್ಗಿಲ್ಲ," ಎಂದೆ.

"ಈ ವರ್ಷಾನೇ?"

"ಹೂಂ."

ಅವರು ಸೊಪ್ಪನ್ನು ಬದಿಗಿಟ್ಟು ಎದ್ದರು. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದರು. ನನಗೆ ಹೋದ ಜೀವ ಬಂದಂತಾಯಿತು.

ಸಂಜೆ ಊಟಕ್ಕೆ ಅಕ್ಷರಾ ಎಂದಿನಂತೆ ಅಜ್ಜಿಯ ಮುಂದೆ ಅಂಗೈ ಚಾಚಿ ಕೂತಳು. ದಿನವೂ ಅವರು ಮೊಸರನ್ನ ಕಲಸಿ ಅವಳ ಅಂಗೈಗೆ ತುತ್ತು ಇಡುತ್ತಿದ್ದರು.

"ನಿಮ್ಮಮ್ಮನ ಹತ್ರ ಹೋಗು ಕಂದಾ," ಎಂದು ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡರು.

"ಒಂದೇ ಒಂದು, ಅಜ್ಜಿ!" ಮಗು ಹಟ ಹಿಡಿಯಿತು. ನಾನು ಗದರಿಸಿ ಈಚೆಗೆ ಎಳೆದುಕೊಂಡೆ.

"ಬೈಬ್ಯಾಡ ಕಣೇ," ಎಂದರು ಅತ್ತೆ, ನನ್ನ ಮುಖ ನೋಡದೆ. "ಪುಟ್ಟಣ್ಣನೂ ಹಿಂಗೇ ಕೇಳ್ತಿದ್ದ. ಒಂದಿನಾನೂ ಇಲ್ಲ ಅಂದಿರ್ಲಿಲ್ಲ ನಾನು."