ಎರಡು ಬೆರಳು ಡೀಸೆಲ್

“ನಿಮ್ಮಪ್ಪ ಇಪ್ಪತ್ತು ವರ್ಷ ನಮ್ಮನೇಲಿ ನೇಗ್ಲು ಹಿಡ್ದ. ಒಂದಿನ ಎತ್ತಿನ ಬೂಸಕ್ಕೆ ಕೈ ಹಾಕ್ದೋನಲ್ಲ ಕಣ್ಲಾ. ನೀನು ನೋಡುದ್ರೆ ಡೀಸೆಲ್ಲೇ ಕುಡ್ಕಂಡು ಬದುಕ್ತಿದೀಯ!”

ಕಾಂತರಾಜು ಇದನ್ನು ಮನೆಯೊಳಗೆ ಕರೆದು ಹೇಳಲಿಲ್ಲ. ನೀರಿನ ಟ್ಯಾಂಕಿನ ದಿಬ್ಬದ ಮೇಲೆ, ರಾಗಿ ಒಕ್ಕಣೆಗೆ ಬಂದಿದ್ದ ಏಳು ಆಳುಗಳ ಎದುರಿಗೆ ಹೇಳಿದ. ಅವನ ಕೈಯಲ್ಲಿ ಒಂದು ಬಿದಿರು ಕಡ್ಡಿಯಿತ್ತು. ಈಗಷ್ಟೇ ಅದನ್ನು ಟ್ರ್ಯಾಕ್ಟರಿನ ಡೀಸೆಲ್ ಟ್ಯಾಂಕಿಗೆ ಇಳಿಬಿಟ್ಟು ತೆಗೆದಿದ್ದ. ನಿನ್ನೆ ಸಂಜೆ ಮೊಳೆಯಲ್ಲಿ ಗೀಚಿದ ಗೀಟು ಮೇಲಿತ್ತು. ಡೀಸೆಲ್ಲಿನ ಒದ್ದೆ ಅದಕ್ಕಿಂತ ಎರಡು ಬೆರಳು ಕೆಳಗೇ ನಿಂತಿತ್ತು.

“ನೋಡ್ರಪ್ಪ, ನಾನು ಸುಳ್ಳು ಏಳ್ಬೋದು, ಕಡ್ಡಿ ಏಳಲ್ಲ. ಮೂರು ದಿನದಿಂದ ಇಂಗೇಯ. ಸಂಜೆ ಕಣದಲ್ಲಿ ಅಳ್ದು ಕಳಿಸ್ತೀನಿ, ಬೆಳಗ್ಗೆ ಇಲ್ಲಿ ಬಂದು ನೋಡುದ್ರೆ ಎರಡು ಬೆಳ್ಳು ಮಾಯ.”

ಡ್ರೈವರ್ ಭೀಮ ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅಡ್ಡಗಲ್ಲಿನ ಮೇಲೆ ಕೈಯಿಟ್ಟಿದ್ದ. ಕಲ್ಲು ಮಂಜಿಗೆ ಐಸಿನ ಹಾಗೆ ಕೊರೆಯುತ್ತಿತ್ತು. ಅದನ್ನೆತ್ತಿ ಎಲ್ಲಿಗೆ ಬೀಸಬೇಕೆಂದು ಅವನ ಕೈಗೆ ಗೊತ್ತಿತ್ತು. ಎತ್ತಲಿಲ್ಲ. ಆಳುಗಳ ಕಡೆ ನೋಡಿದ. ಯಾರಾದರೂ ನಕ್ಕಿದ್ದರೆ ಪರವಾಗಿರಲಿಲ್ಲ, ಗೌಡರ ಮಾತು ತಮಾಷೆ ಅಂತಾಗುತ್ತಿತ್ತು. ಒಬ್ಬರೂ ನಗಲಿಲ್ಲ. ಅವನ ಸ್ವಂತ ಚಿಕ್ಕವ್ವ ಧನಲಕ್ಷ್ಮಿ ಕೂಡ ತಲೆಗೆ ಸುತ್ತಿದ್ದ ಟವಲನ್ನು ಬಿಗಿ ಮಾಡಿಕೊಂಡು ನೆಲ ನೋಡಿದಳು. ನಂಬಿದವರು ಮಾತ್ರ ಹಾಗೆ ನೆಲ ನೋಡುತ್ತಾರೆ.

ಟ್ರ್ಯಾಕ್ಟರು ಭೀಮನಿಗಿಂತ ಹತ್ತು ವರ್ಷ ಹಳೆಯದು. ಬಿಸಿಲೇರಿದ ಮೇಲೆ ಸೆಲ್ಫು ಹೇಗೋ ಏನೋ ಇಂಜಿನ್ ತಿರುಗಿಸುತ್ತಿತ್ತು. ಪುಷ್ಯದ ಚಳಿಯಲ್ಲಿ ಬೆಳಗ್ಗೆ ಕೀ ತಿರುಗಿಸಿದರೆ ಒಂದೇ ಒಂದು ‘ಟಿಕ್’. ಹೊಳೆನರಸೀಪುರದಿಂದ ಹೊಸ ಬ್ಯಾಟರಿ ತರುತ್ತೇನೆ ಎಂದು ಕಾಂತರಾಜು ದೀಪಾವಳಿಯಿಂದ ಹೇಳುತ್ತಲೇ ಇದ್ದ. ಅಲ್ಲಿಯವರೆಗೆ ಭೀಮನೇ ಕಂಡುಕೊಂಡಿದ್ದ ದಾರಿ ಈ ದಿಬ್ಬ. ಸಂಜೆ ಕೆಲಸ ಮುಗಿದ ಮೇಲೆ ಟ್ರ್ಯಾಕ್ಟರನ್ನು ಇಲ್ಲಿಗೆ ತಂದು, ಮೂತಿ ಇಳಿಜಾರಿಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು. ಬೆಳಗ್ಗೆ ಕಲ್ಲು ತೆಗೆದು ಉರುಳಿಸಿ, ಗೇರಿನಲ್ಲಿ ಕ್ಲಚ್ ಬಿಟ್ಟರೆ ಇಂಜಿನ್ ಹೊತ್ತಿಕೊಳ್ಳುತ್ತಿತ್ತು. ಊರಲ್ಲಿ ಇಳಿಜಾರು ಅಂತ ಇದ್ದದ್ದು ಇದೊಂದೇ. ಅದು ಭೀಮನ ಮನೆಯಿದ್ದ ಕೇರಿಯ ಪಕ್ಕಕ್ಕಿತ್ತು. ಕಾಂತರಾಜುವಿನ ತಲೆಯಲ್ಲಿ ಹುಳ ಬಿಟ್ಟದ್ದೂ ಅದೇ.

“ಮನೆ ಮುಂದೆ ಅಷ್ಟಗಲ ಕಣ ಇರುವಾಗ ಕೇರಿ ಮಗ್ಗುಲಿಗೇ ಯಾಕ್ ತಂದು ನಿಲ್ಸಾನು?” ಎಂದ, ಯಾರನ್ನೂ ನೋಡದೆ.

ಭೀಮ ಸುಮ್ಮನೆ ಕೂತವನಲ್ಲ. ಮೊದಲ ದಿನವೇ ಡೀಸೆಲ್ ಟ್ಯಾಂಕಿನ ಕೆಳಗೆ ರಟ್ಟು ಹಾಸಿ ನೋಡಿದ್ದ, ಸೋರುತ್ತಿದೆಯೇನೋ ಎಂದು. ಬೆಳಗ್ಗೆ ರಟ್ಟಿನ ಮೇಲೆ ಮಂಜಿನ ಹನಿ ಬಿಟ್ಟರೆ ಏನೂ ಇರಲಿಲ್ಲ. ಎರಡನೇ ದಿನ ಮುಚ್ಚಳಕ್ಕೆ ಕರಿ ದಾರ ಸುತ್ತಿ ಗಂಟು ಹಾಕಿದ್ದ. ದಾರ ಹಾಕಿದ ಹಾಗೇ ಇತ್ತು, ಡೀಸೆಲ್ ಎರಡು ಬೆರಳು ಇಳಿದಿತ್ತು. ದಿಬ್ಬದ ಪಕ್ಕದ ಮನೆಯ ಚೆನ್ನಯ್ಯನ ಮೇಲೆ ಅನುಮಾನ ಬಂದು, ಅವನ ಜಗಲಿಯಲ್ಲಿದ್ದ ಕ್ಯಾನನ್ನು ಯಾರೂ ಇಲ್ಲದಾಗ ಎತ್ತಿ ಮೂಸಿದ್ದ. ಹುಳಿ ಮಜ್ಜಿಗೆ. ತನಗೆ ಅಂಬೆಗಾಲಿಡುವಾಗಿನಿಂದ ಬೆಲ್ಲ ಕೊಟ್ಟ ಮುದುಕನ ಕ್ಯಾನು ಮೂಸಿದೆನಲ್ಲ ಎಂದು ಆಮೇಲೆ ಮೈ ಪರಚಿಕೊಳ್ಳುವಂತಾಗಿತ್ತು. ನಿನ್ನೆ ಊಟಕ್ಕೆ ಕೂತಾಗ ಅಪ್ಪ ದ್ಯಾವಯ್ಯ ಅವನ ಅಂಗಿಯನ್ನೇ ನೋಡುತ್ತಿದ್ದ. “ವಾಸ್ನೆ ಒಡೀತದೆ. ನಿಜ ಏಳ್ಬುಡ್ಲಾ ಮಗ, ನನ್ತಾವ ಏಳುದ್ರೆ ಏನಾಗಲ್ಲ” ಎಂದಿದ್ದ. ಭೀಮ ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದಿದ್ದ. ಗೌಡ ನಂಬದಿದ್ದರೆ ಇನ್ನೊಂದು ಟ್ರ್ಯಾಕ್ಟರು ಸಿಗುತ್ತದೆ. ಅಪ್ಪ ನಂಬದಿದ್ದರೆ?

“ಸ್ಟಾರ್ಟ್ ಮಾಡು ಮೊದ್ಲು. ಒಕ್ಕಣೆ ಮುಗೀಲಿ. ಆಮೇಲೆ ನಿನ್ನ ಲೆಕ್ಕ ನೋಡ್ತೀನಿ” ಎಂದ ಕಾಂತರಾಜು. “ನಾಳೆಯಿಂದ ಬ್ಯಾರೆ ಡ್ರೈವರ್ ಬತ್ತಾನೆ. ಯಾಕಂತ ಕೇಳ್ದೋರ್ಗೆಲ್ಲ ಯಾಕಂತಾನೂ ಏಳ್ತೀನಿ.”

ಅಷ್ಟರಲ್ಲಿ ಧನಲಕ್ಷ್ಮಿ ಗೌಡರ ಮನೆಯ ಹಂಡೆಯಿಂದ ತೋಡಿ ತಂದಿದ್ದ ಬಿಸಿನೀರಿನ ಬಕೆಟ್ಟನ್ನು ಭೀಮನ ಪಕ್ಕ ಇಟ್ಟಳು. ರೇಡಿಯೇಟರಿಗೆ ಹಾಕಿದರೆ ಇಂಜಿನ್ನಿಗೆ ಸ್ವಲ್ಪ ಬಿಸಿ ಹತ್ತುತ್ತದೆ ಅಂತ ದಿನಾ ತರುವುದು. ಇಟ್ಟ ಕೂಡಲೇ ನೀರು ಮುಂದಿನ ಅಂಚಿನಿಂದ ತುಳುಕಿ ಭೀಮನ ಕಾಲ ಮೇಲೆ ಬಿತ್ತು.

“ಮಟ್ಟವಾಗಿ ಇಡಬಾರ್ದೇನವ್ವ!” ಎಂದು ರೇಗಿದ.

“ದಿಬ್ಬದ ಮ್ಯಾಲೆ ಮಟ್ಟ ಎಲ್ಲದೆ? ನನ್ ಮ್ಯಾಲೆ ಯಾಕೆ ಆರಾಡ್ತೀಯ?” ಎಂದಳು ಅವಳು, ಮೂರು ದಿನದಲ್ಲಿ ಮೊದಲ ಸಲ ಅವನ ಮುಖ ನೋಡಿ.

ಭೀಮ ಬಕೆಟ್ಟನ್ನೇ ನೋಡಿದ. ಇಳಿಜಾರಿನ ಕಡೆ ನೀರು ಕಂಠಮಟ್ಟ ಬಂದು ಹೊರಚೆಲ್ಲುತ್ತಿತ್ತು. ದಿಬ್ಬದ ಕಡೆ ಅಂಚಿನಿಂದ ಎರಡು ಬೆರಳು, ಅಲ್ಲ, ಮೂರು ಬೆರಳು ಸ್ಟೀಲು ಒಣಗಿಯೇ ಹೊಳೆಯುತ್ತಿತ್ತು. ತಲೆಯೆತ್ತಿ ಟ್ರ್ಯಾಕ್ಟರು ನೋಡಿದ. ಮೂತಿ ಕೆಳಕ್ಕೆ. ಡೀಸೆಲ್ ಹಾಕುವ ಬಾಯಿ ಟ್ಯಾಂಕಿನ ಹಿಂದಿನ ತುದಿಯಲ್ಲಿ, ಸ್ಟೇರಿಂಗ್ ಪಕ್ಕ, ಮೇಲಕ್ಕೆ. ಮತ್ತೆ ಬಕೆಟ್ ನೋಡಿದ. ಹಾಸನದಲ್ಲಿ ಡಿಗ್ರಿ ಮಾಡಿಬಂದ ಗೌಡನ ಕೈಯಲ್ಲಿ ಕಡ್ಡಿ ಇನ್ನೂ ನೆಟ್ಟಗೆ ನಿಂತಿತ್ತು.

ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟ ಭೀಮನ ಗಂಟಲಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂದು ಅದನ್ನು ನುಂಗಿತು. ಈಗಲೇ ಬಾಯಿ ಬಿಟ್ಟರೆ? ಕಳ್ಳ ಕಥೆ ಕಟ್ಟುತ್ತಾನೆ ಎನ್ನುತ್ತಾರೆ. ಬಿಸಿನೀರು ಹುಯ್ದು ರೇಡಿಯೇಟರ್ ಮುಚ್ಚಿ, ಸೀಟು ಹತ್ತಿದ.

“ಗೌಡ್ರೇ, ನೀವೂ ಅತ್ತಿ. ಮಡ್‌ಗಾರ್ಡ್ ಮೇಲೆ ಕೂತ್ಕಳಿ. ಕಡ್ಡಿ ಕೈಲೇ ಇರ್ಲಿ.”

“ನಾನ್ಯಾಕ್ಲಾ?”

“ಇಲ್ಲಿಂದ ಕಣಕ್ಕೋಗೋದ್ರೊಳಗೆ ಇನ್ನೆರಡು ಬೆಳ್ಳು ಕುಡುದ್ಬುಟ್ಟೇನು. ಕಾಯೋರು ಬೇಕಲ್ಲ.”

ಆಳುಗಳಲ್ಲಿ ಯಾರೋ ಕೆಮ್ಮಿದ ಹಾಗೆ ನಕ್ಕರು. ಕಾಂತರಾಜು ಪಂಚೆ ಎತ್ತಿಕಟ್ಟಿ ಮೇಲೆ ಹತ್ತಿ ಕೂತ. ಡೀಸೆಲ್ ಮುಚ್ಚಳದ ಮೇಲೆ ಅಂಗೈ ಊರಿದ, ತೆಗೆಯಲೇ ಇಲ್ಲ.

ಭೀಮ ಇಂಜಿನ್ ನಿಲ್ಲಿಸುವ ಸ್ಟಾಪ್ ರಾಡನ್ನು ಒಳಕ್ಕೆ ತಳ್ಳಿ, ಆಕ್ಸಿಲರೇಟರನ್ನು ಅರ್ಧಕ್ಕೆ ಎಳೆದು, ಕ್ಲಚ್ ತುಳಿದು ಮೂರನೇ ಗೇರಿಗೆ ಹಾಕಿದ. ಆಳುಗಳ ಜೊತೆ ನಿಂತಿದ್ದ ಚೆನ್ನಯ್ಯ ಅಡ್ಡಗಲ್ಲು ತೆಗೆದ. ಚಳಿಗೆ ಗ್ರೀಸು ಹೆಪ್ಪುಗಟ್ಟಿದ್ದ ಚಕ್ರಗಳು ಅಲುಗಲಿಲ್ಲ. ಹಿಂದಿನಿಂದ ನಾಲ್ಕು ಜನ ಹೆಗಲು ಕೊಟ್ಟ ಮೇಲೆ ನರಳುತ್ತಾ ಹೊರಟವು. ಅರವತ್ತು ಹೆಜ್ಜೆ ಇಳಿಜಾರು. ಮೋರಿ ದಾಟಿದರೆ ನೆಲ ಮಟ್ಟ. ಅಷ್ಟರಲ್ಲಿ ಹೊತ್ತಿಕೊಳ್ಳದಿದ್ದರೆ ಬೇರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಕು, ಆಮೇಲೆ ಅವನ ಮಾತು ಕೇಳುವವರಿರುವುದಿಲ್ಲ. ಅರ್ಧ ಇಳಿದಾಗ ಕ್ಲಚ್ ಬಿಟ್ಟ. ಹಿಂದಿನ ಚಕ್ರಗಳು ಮಣ್ಣು ಉಜ್ಜಿ ಜಾರಿದವು. ಇಂಜಿನ್ ಒಂದು ಸಲ ಕೆಮ್ಮಿ ಬಿಳಿ ಹೊಗೆ ಉಗುಳಿ ಸತ್ತುಹೋಯಿತು.

“ಬೇಕಂತ್ಲೇ ಮಾಡ್ತಿದೀಯ ನೀನು!” ಎಂದು ಕಿವಿಯ ಪಕ್ಕ ಕಾಂತರಾಜು ಕಿರುಚಿದ.

ಭೀಮ ಮತ್ತೆ ಕ್ಲಚ್ ತುಳಿದ. ಉರುಳಲಿ. ಇನ್ನೂ ಉರುಳಲಿ. ಮಂಜಿನಲ್ಲಿ ಮೋರಿಯ ಕಟ್ಟೆ ಕಾಣಿಸಿತು. ಬಿಟ್ಟ. ಇಡೀ ಟ್ರ್ಯಾಕ್ಟರು ಮುಗ್ಗರಿಸಿ, ಗಡಗಡ ನಡುಗಿ, ಬಿಳಿ ಹೊಗೆ ಕಪ್ಪಾಗಿ, ಹೊಗೆ ಕೊಳವೆಗೆ ಮಂಜು ಇಳಿಯದಂತೆ ಕವುಚಿದ್ದ ಡಬ್ಬ ಹಾರಿ ರಸ್ತೆಗೆ ಬಿತ್ತು. ಇಂಜಿನ್ ಹಿಡಿದುಕೊಂಡಿತು. ಹಿಂದೆ ಆಳುಗಳು ಹೋ ಎಂದು ಕೂಗಿ ಓಡಿಬಂದರು.

ಕಣದಲ್ಲಿ ರಾಗಿ ತೆನೆ ವೃತ್ತಾಕಾರ ಹಾಸಿ ಸಿದ್ಧವಾಗಿತ್ತು. ಕಾಂತರಾಜುವಿನ ತಾಯಿ ಸುಬ್ಬಮ್ಮ ಅಂಚಿನಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದಳು. ಭೀಮ ತೆನೆಯ ಮೇಲೆ ಹತ್ತಿಸದೆ, ಪಕ್ಕದ ಬರಿ ನೆಲದಲ್ಲಿ, ದಿನಾ ಸಂಜೆ ಅಳೆಯುವ ಜಾಗದಲ್ಲೇ ನಿಲ್ಲಿಸಿದ. ಇಂಜಿನ್ ಓಡುತ್ತಲೇ ಇತ್ತು.

“ಈಗ ಬಿಡಿ ಕಡ್ಡಿಯ.”

“ಈಗ್ಯಾಕೆ?”

“ಬಿಡಿ ಗೌಡ್ರೇ. ಎಲ್ಲಾರೂ ಅವ್ರೆ.”

ಆಳುಗಳು ಸುತ್ತ ಸೇರಿದ್ದರು. ಕಾಂತರಾಜು ಕಡ್ಡಿಯನ್ನು ಪಂಚೆಗೆ ಒರೆಸಿ ಇಳಿಬಿಟ್ಟ, ತೆಗೆದ. ಒದ್ದೆ ಗೀಟಿನ ಮೇಲೇ ನಿಂತಿತ್ತು. ಕೂದಲೆಳೆಯಷ್ಟು ಕೆಳಗಿರಬಹುದು. ಮತ್ತೆ ಒರೆಸಿದ. ಮತ್ತೆ ಇಳಿಬಿಟ್ಟ. ತುದಿ ತಿರುಗಿಸಿ ನೋಡಿದ, ಬೇರೆ ಕಡ್ಡಿಯೇನೋ ಎಂಬಂತೆ.

ಧನಲಕ್ಷ್ಮಿಯ ಬಾಯಿ ತೆರೆಯಿತು. “ಅಯ್ಯೋ, ನನ್ ಬಕೀಟ್ನಂಗೇಯ! ದಿಬ್ಬದ್ಮ್ಯಾಲೆ ಮುಂದಕ್ಕೆ ಬಗ್ಗಿ ನಿಂತದೆ, ಡೀಸೆಲ್ಲೆಲ್ಲಾ ಮುಂದಕ್ಕೋಗ್ತದೆ, ಹಿಂದ್ಗಡೆ ಅಳುದ್ರೆ ಎಲ್ಲಿ ಸಿಕ್ಕಾತು!”

ಚೆನ್ನಯ್ಯ ಬೊಚ್ಚು ಬಾಯಲ್ಲಿ ನಕ್ಕ. ಅವನನ್ನು ನೋಡಿ ಮಿಕ್ಕವರೂ ನಕ್ಕರು. ಸುಬ್ಬಮ್ಮ ಬೆಂಕಿಯ ಹತ್ತಿರದಿಂದಲೇ, “ಏನ್ಲಾ ಕಾಂತ, ಸಿಕ್ಕುದ್ನೇನ್ಲಾ ಕಳ್ಳ?” ಎಂದು ಕೇಳಿದಳು. ನಗು ಇನ್ನೊಂದು ಸುತ್ತು ಹೋಯಿತು.

ಕಾಂತರಾಜು ನಗಲಿಲ್ಲ. ಕಡ್ಡಿಯನ್ನು ಕಂಕುಳಲ್ಲಿ ಸಿಕ್ಕಿಸಿ ಕೆಳಗಿಳಿದು, ಭೀಮನ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದ.

“ಅದ್ಸರಿ. ಮೂರು ದಿನ ಯಾಕ್ಲಾ ಬಾಯಿ ಬಿಡ್ಲಿಲ್ಲ? ಗೊತ್ತಿದ್ದೂ ಸುಮ್ನಿದ್ದೆ ಅಂದ್ರೆ ಬ್ಯಾರೆ ಇನ್ನೇನೋ ಮಡಗಿದೀಯ ನೀನು. ಅದೇನು ಏಳು ಮತ್ತೆ?”

ನಗು ನಿಂತಿತು. ಆಳುಗಳು ಭೀಮನ ಕಡೆ ತಿರುಗಿದರು. ಅವರಲ್ಲಿ ಒಂದಿಬ್ಬರ ಕಣ್ಣಲ್ಲಿ ಆಗಲೇ ಅದೇ ಪ್ರಶ್ನೆ ಮೂಡಿತ್ತು.

ಭೀಮ ಸ್ಟೇರಿಂಗ್ ಮೇಲಿದ್ದ ತನ್ನ ಟವಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಸ್ಟಾಪ್ ರಾಡನ್ನು ಹಿಡಿದು ಮೆಲ್ಲಗೆ, ಪೂರಾ ಎಳೆದ. ಇಂಜಿನ್ ಎರಡು ಸಲ ಕುಲುಕಿ ನಿಂತಿತು. ಇದ್ದಕ್ಕಿದ್ದಂತೆ ಕಣದಲ್ಲಿ ಬೆಂಕಿಯ ಚಟಚಟ ಸದ್ದು ಕೇಳಿಸತೊಡಗಿತು. ಕೆಳಗಿಳಿದು ಚೆನ್ನಯ್ಯನ ಭುಜವನ್ನೊಮ್ಮೆ ಮುಟ್ಟಿ, ಹಾಸಿದ್ದ ತೆನೆ ತುಳಿಯದೆ ಸುತ್ತು ಹಾಕಿಕೊಂಡು ನಡೆದ.

“ಲೇ, ಆಫ್ ಯಾಕ್ ಮಾಡ್ದೆ? ಲೇ ಭೀಮ! ಇಲ್ಲಿ ಮಟ್ಟ ಕಣ್ಲಾ! ಇಂಗೆ ನಿಲ್ಸುದ್ರೆ ಯಾವನ್ಲಾ ಸ್ಟಾರ್ಟ್ ಮಾಡೋನು?”

ಅವನು ಮೋರಿ ದಾಟಿ ಕೇರಿಯ ದಾರಿಗೆ ತಿರುಗಿದ. ಮಂಜು ಇನ್ನೂ ಕರಗಿರಲಿಲ್ಲ. ದಿಬ್ಬದ ಮೇಲೆ ಅಡ್ಡಗಲ್ಲು ಚೆನ್ನಯ್ಯ ತೆಗೆದಿಟ್ಟ ಕಡೆಯೇ ಇತ್ತು, ಅದರ ಪಕ್ಕ ಬಿಸಿನೀರು ಚೆಲ್ಲಿದ ಮಣ್ಣು ಇನ್ನೂ ಒದ್ದೆಯಾಗಿತ್ತು. ಹಿಂದೆ, ಕಣದಲ್ಲಿ, ಯಾರೋ ಕೀ ತಿರುಗಿಸಿದರು.

ಟಿಕ್.

ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಟಿಕ್.