ನೆಲಕ್ಕೆ ಬಿದ್ದ ದಾಳ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಭಾನುವಾರ ನಾನು ನಿಯಮ ಪಾಲಿಸಿದೆ ಅಷ್ಟೇ ಎಂದು ಗೆಳೆಯ ಪವನ್ ಇವತ್ತಿಗೂ ನನ್ನ ಪರ ವಾದಿಸುತ್ತಾನೆ. ಪಾಲಿಸಿದ್ದು ನಿಜ. ಕಾರಣ ಬೇರೆ.

ದೆಹಲಿಯ ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಊಟದ ಮೇಜಿನ ಮೇಲೆ, ಎರಡು ಸಾವಿರದ ಮೂರರಿಂದ, ಪ್ರತಿ ಭಾನುವಾರ ಮಧ್ಯಾಹ್ನ ಆ ಆಟ ನಡೆಯುತ್ತಿತ್ತು. ಸರದಿಯಂತೆ ಒಬ್ಬ ಕಥೆ ನಡೆಸುತ್ತಾನೆ; ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಓಡಾಡುತ್ತಾರೆ. ಪಾತ್ರದ ಬಲ, ಗಾಯ, ಕತ್ತಿ, ಕುದುರೆ ಎಲ್ಲವೂ ಒಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿರುತ್ತವೆ. ಉಳಿದನೋ ಸತ್ತನೋ ಹೇಳುವುದು ಇಪ್ಪತ್ತು ಮುಖದ ದಾಳ. ಇದನ್ನು ನಮಗೆ ಹಚ್ಚಿದವನು ಹೌಜ್ ಖಾಸ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಇಂದುಶೇಖರ. ಜಗಳವಾದಾಗಲೆಲ್ಲ ಅವನೇ ತೀರ್ಪು ಕೊಟ್ಟು, ನಮ್ಮಪ್ಪ ಆಫೀಸಿನಿಂದ ತಂದಿದ್ದ ಹಸಿರು ಫೈಲಿನಲ್ಲಿ ನಂಬರ್, ತಾರೀಕು ಹಾಕಿ ಬರೆದಿಡುತ್ತಿದ್ದ. ಮುಂದೆ ಯಾರು ಬಾಯಿ ಮಾಡಿದರೂ ಫೈಲ್ ತೆಗೆದರೆ ಮುಗಿಯಿತು. ಗುಮಾಸ್ತರ ಮಕ್ಕಳಲ್ಲವೇ ನಾವು!

ಏಳನೇ ತೀರ್ಪು ಬಂದದ್ದು ನನ್ನ ವಿರುದ್ಧ. ನನ್ನ ದಾಳ ಮೇಜಿನಿಂದ ಉರುಳಿ ನೆಲದ ಮೇಲೆ ಒಂದನ್ನು ತೋರಿಸಿತು. ನೆಲಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ ಎಂದು ನಾನು ಕೂಗಾಡಿದೆ. 'ದಾಳ ಎಲ್ಲಿ ನಿಂತರೂ ತೋರಿಸಿದ್ದೇ ಲೆಕ್ಕ. ಎರಡನೇ ಸಲ ಎಸೆಯುವಂತಿಲ್ಲ' ಎಂದು ಅವನು ಬರೆದ. ಎರಡು ವರ್ಷ ಬೆಳೆಸಿದ ನನ್ನ ಪಾತ್ರ ರಣಭೈರವ ಸತ್ತ. ಸತ್ತ ಪಾತ್ರದ ಹಾಳೆಯನ್ನು ಕಥೆ ನಡೆಸುವವನು ಎಲ್ಲರೆದುರು ಹರಿಯಬೇಕು, ಅದು ನಮ್ಮ ಪದ್ಧತಿ. ಇಂದುಶೇಖರ 'ಮನೇಲಿ ಹರೀತೀನಿ ಬಿಡು' ಎಂದು ಮಡಿಸಿ ಜೇಬಿಗೆ ಹಾಕಿಕೊಂಡ. ನನಗೆ ಅಷ್ಟೂ ಮರ್ಯಾದೆ ಇಲ್ಲವೇ ಎಂದು ಒಳಗೇ ಕುದಿದೆ.

ಮೂರು ತಿಂಗಳಿಗೆ ಆಶ್ರಮ ಚೌಕದಲ್ಲಿ ಬಸ್ಸೊಂದು ಅವನ ಸ್ಕೂಟರಿಗೆ ಗುದ್ದಿತು. ಆಸ್ಪತ್ರೆಗೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದ. ನಾನು ಅತ್ತೆ. ಸಿಟ್ಟು ಮಾತ್ರ ಇದ್ದಲ್ಲೇ ಇತ್ತು.

ಜನವರಿಯಲ್ಲಿ ಅವನ ತಂಗಿ ಮಯೂರಿ ಒಂದು ಹಾಳೆ ಹಿಡಿದು ಬಂದಳು. ನಾನು ಕಥೆ ನಡೆಸುವ ವಾರಗಳಲ್ಲಿ ಇಂದುಶೇಖರ ಆಡುತ್ತಿದ್ದ ಪಾತ್ರ, ನೀಲಕೇತು.

"ಇವನು ಇನ್ನೂ ಜಿಂದಾ ಇದ್ದಾನಲ್ಲ, ಸತ್ತಿಲ್ಲವಲ್ಲ?" ಎಂದಳು. "ನಾನು ಆಡ್ತೀನಿ."

ಮೂರು ಭಾನುವಾರ ಆಡಿದಳು. ಗಾಯ ಬರೆದು ಅಳಿಸುವಾಗಲೂ ಅಣ್ಣನ ಅಕ್ಷರಕ್ಕೆ ರಬ್ಬರು ತಾಗದ ಹಾಗೆ ನೋಡಿಕೊಳ್ಳುತ್ತಿದ್ದಳು. ಒಮ್ಮೆ ಹೇಳಿದಳು: "ಅಮ್ಮ ಯಾರ ಜೊತೆನೂ ಮಾತೇ ಆಡಲ್ಲ. ಸಂಡೇ ಸಂಜೆ ಮಾತ್ರ ಕೇಳ್ತಾರೆ, ನೀಲಕೇತು ಇವತ್ತು ಏನು ಮಾಡ್ದ ಅಂತ."

ನಾಲ್ಕನೇ ಭಾನುವಾರ ನೀಲಕೇತು ಸೇತುವೆಯಿಂದ ಜಾರಿದ. ಎರಡಕ್ಕಿಂತ ಹೆಚ್ಚು ಬಿದ್ದರೆ ಉಳಿಯುತ್ತಾನೆ. ಮಯೂರಿ ದಾಳವನ್ನು ಜೋರಾಗಿ ಎಸೆದಳು. ಅದು ಮೇಜಿನಿಂದ ಜಿಗಿದು ಫ್ರಿಜ್ಜಿನ ಕಾಲಿನ ಹತ್ತಿರ ನಿಂತಿತು. ಪವನ್ ಬಗ್ಗಿ ನೋಡಿದ.

"ಒಂದು," ಎಂದ. ತಕ್ಷಣ, "ನೆಲಕ್ಕೆ ಬಿದ್ದಿದೆ, ಚಲೋ, ಇನ್ನೊಂದ್ಸಲ ಹಾಕು" ಎಂದ.

ನಾನು ಫೈಲ್ ತೆಗೆದೆ. ನನ್ನ ಕೈಗೆ ಅಷ್ಟು ಆತುರ ಬೇಕಿರಲಿಲ್ಲ. ಏಳನೇ ತೀರ್ಪನ್ನು ತಾರೀಕಿನ ಸಮೇತ ಗಟ್ಟಿಯಾಗಿ ಓದಿದೆ.

"ಚಂದ್ರಕಾಂತ, ಬೇಡ ಕಣೋ," ಎಂದ ಪವನ್.

"ನಾನು ಬರೆದದ್ದಲ್ಲ. ಇವಳ ಅಣ್ಣ ಬರೆದದ್ದು."

"ಪ್ಲೀಸ್," ಎಂದಳು ಮಯೂರಿ. "ಸಿರ್ಫ್ ಏಕ್ ಬಾರ್, ಒಂದೇ ಒಂದ್ಸಲ. ಅಮ್ಮಂಗೆ ನಾನು ಏನು ಹೇಳ್ಲಿ?"

ಆಗ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅವಳ ಮುಂದಿನಿಂದ ಹಾಳೆ ಎಳೆದುಕೊಂಡು ಎರಡು ಮಾಡಿದೆ, ನಾಲ್ಕು ಮಾಡಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಹರಿಯುವಾಗ ನನಗೆ ಹಿತವಾಯಿತು.

ಮಯೂರಿ ಅಳಲಿಲ್ಲ. ಬ್ಯಾಗಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟಳು.

"ಅಣ್ಣನ ಡ್ರಾಯರಲ್ಲಿ ಇತ್ತು. ಆಟ ಮುಗಿದ ಮೇಲೆ ಕೊಡೋಣ ಅಂತ ತಂದಿದ್ದೆ. ನಿನ್ನದು."

ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದಳು. ಪವನ್ ಅವಳ ಹಿಂದೆ ಓಡಿದ.

ಬಿಡಿಸಿ ನೋಡಿದೆ. ರಣಭೈರವ. ಎಲ್ಲೂ ಹರಿದಿರಲಿಲ್ಲ. ಹಿಂಬದಿಯಲ್ಲಿ ಇಂದುಶೇಖರನ ಪೆನ್ಸಿಲು: 'ಚಂದ್ರುಗೆ ತುಂಬಾ ಬೇಜಾರಾಗಿದೆ. ಏಳನೇ ತೀರ್ಪು ರದ್ದು ಮಾಡಬೇಕು. ಅವನ ಬರ್ತ್‌ಡೇ ದಿನ ಇವನನ್ನು ಎಬ್ಬಿಸೋದು.' ನನ್ನ ಹುಟ್ಟುಹಬ್ಬ ಫೆಬ್ರುವರಿಯಲ್ಲಿ. ಇನ್ನೂ ಎರಡು ವಾರವಿತ್ತು.

ನೀಲಕೇತುವಿನ ಚೂರುಗಳನ್ನು ಜೋಡಿಸಿ ಟೇಪ್ ಅಂಟಿಸಿದೆ. ರಬ್ಬರಿನಿಂದ ಸವೆದಿದ್ದ ಕಡೆ ಕಾಗದ ಪುಡಿಯಾಗಿತ್ತು, ಅಂಟಲಿಲ್ಲ. ಮಯೂರಿ ತಲುಪುವ ಮೊದಲೇ ಏನಾದರೂ ಹೇಳಬೇಕೆಂದು ಅವರ ಮನೆಗೆ ಫೋನ್ ಮಾಡಿದೆ. ಎತ್ತಿದವರು ಅವಳ ತಾಯಿ ದೇವಕಿ ಆಂಟಿ.

"ಚಂದ್ರುನಾ? ಮಯೂರಿ ಇನ್ನೂ ಬಂದಿಲ್ಲಪ್ಪ," ಎಂದರು. ಆಮೇಲೆ ದನಿ ತಗ್ಗಿಸಿ, "ನೀನೇ ಹೇಳು, ಇವತ್ತು ನೀಲಕೇತು ಏನು ಮಾಡಿದ?" ಎಂದರು.

ನಾನು ಫೋನ್ ಇಟ್ಟುಬಿಟ್ಟೆ.