ಕತ್ತರಿ ಬಿದ್ದ ಜಾಗ

“ನನಗೆ ಇಬ್ಬರು ಗಂಡು ಮಕ್ಕಳು,” ಎಂದಿತು ಅಪ್ಪನ ದನಿ, ಹೆಡ್‌ಫೋನಿನ ಎರಡೂ ಕಿವಿಯಲ್ಲಿ ಒಟ್ಟಿಗೆ.

ಅವಳು ಧ್ವನಿಮುದ್ರಣವನ್ನು ನಿಲ್ಲಿಸಿದಳು. ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದಳು. ‘ಮತ್ತೆ ಒಬ್ಬಳು ಮಗಳು’ ಎಂದು ಸ್ವಲ್ಪ ತಡೆದಾದರೂ ಅಂದಾರು ಎಂದು ಕಾದಳು. ಮುಂದೆ ಇದ್ದದ್ದು ದೊಡ್ಡವನ ಹಟ, ಚಿಕ್ಕವನ ತುಂಟತನ, ಒಂದು ನಗು. ಆಮೇಲೆ ಮಾತು ಹಳೆಯ ಸ್ಟುಡಿಯೋದ ಕಡೆಗೆ ಹೊರಳಿತ್ತು.

ಅವಳು ಕೆಲಸ ಮಾಡುವ, ದೇಶಕ್ಕೆಲ್ಲ ಕೇಳಿಸುವ ಬಾನುಲಿ ಕೇಂದ್ರದಲ್ಲಿ ಹಾಡಿಗೆ ಜಾಗವಿಲ್ಲ. ಬೆಳಗಾದರೆ ವಾರ್ತೆ, ಅದರ ಬೆನ್ನಿಗೆ ಹಲ್ಲಿನ ಡಾಕ್ಟರು, ಜೇನು ಸಾಕುವವರು, ಪುಸ್ತಕ ಓದುವವರು, ಮಧ್ಯಾಹ್ನಕ್ಕೊಂದು ನಾಟಕ, ಸಂಜೆಗೆ ಜಗಳವಾಡಲೆಂದೇ ಕರೆಸಿದ ನಾಲ್ವರು ಪಂಡಿತರು. ಬರೀ ಮಾತು. ಅವರೆಲ್ಲರ ಕೆಮ್ಮು, ತೊದಲು, ‘ಅದೂ… ಏನಪ್ಪಾ ಅಂದ್ರೆ’ಗಳನ್ನು ತೆಗೆದು ಹಸನು ಮಾಡುವುದು ಅವಳ ಕೆಲಸ. ಇವಳ ಕೈಗೆ ಸಿಕ್ಕರೆ ಮೂಗನೂ ಭಾಷಣಕಾರನಾದಾನು ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಅಪ್ಪ ಇದೇ ಕೇಂದ್ರದಲ್ಲಿ ವಾರ್ತೆ ಓದಿ ನಿವೃತ್ತರಾದವರು. ‘ಹಳೆಯ ದನಿ’ ಕಾರ್ಯಕ್ರಮಕ್ಕೆಂದು ಮನೆಗೇ ಹೋಗಿ ಅವರನ್ನು ಮಾತನಾಡಿಸಿ, ಧ್ವನಿಮುದ್ರಿಸಿಕೊಂಡು ತಂದಿದ್ದರು. ಇವತ್ತು ಸಂಜೆಯೇ ಪ್ರಸಾರ.

ಅಪ್ಪನ ಮರೆವು ಮನೆಯೊಳಗಿನ ಗುಟ್ಟು. ಹಳೆಯದನ್ನು ಕೇಳಿದರೆ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ನಿನ್ನೆಯದನ್ನು ಕೇಳಿದರೆ ಗೋಡೆ ನೋಡುತ್ತಿದ್ದರು. ಅಮ್ಮ ತೀರಿಹೋಗಿ ವರ್ಷಗಳಾದರೂ ಅಡುಗೆಮನೆಯಲ್ಲೇ ಇದ್ದಾಳೆಂದು ತಿಳಿದಿದ್ದರು. ಇತ್ತೀಚೆಗಂತೂ ಇವಳನ್ನು ‘ನೀವು’ ಎನ್ನತೊಡಗಿದ್ದರು. “ನಿಮ್ಮದು ಊಟ ಆಯ್ತಾ?” “ನಿಮಗೆ ಬಹಳ ತೊಂದರೆ ಕೊಡ್ತಿದೀನಿ.” ಹೆತ್ತ ಮಗಳನ್ನು ಯಾವ ಅಪ್ಪ ‘ನೀವು’ ಅಂತಾನೆ? ಕಾಯಿಲೆಯಲ್ಲಿ ಮರ್ಯಾದೆ ಜಾಸ್ತಿಯಾಗಿದೆ, ಅಷ್ಟೇ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ಅದಕ್ಕೂ ದಾರಿ ಉಳಿಯಲಿಲ್ಲ.

ಅಣ್ಣಂದಿರು ಯಾವಾಗಲೋ ಒಮ್ಮೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, “ಅಪ್ಪ ಗೆಲುವಾಗಿದಾರಲ್ಲ!” ಎಂದು ಎದ್ದು ಹೋಗುವವರು. ಸ್ನಾನ ಮಾಡಿಸುವವಳು ಇವಳು, ತುತ್ತು ತಿನ್ನಿಸುವವಳು ಇವಳು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಥೂ, ಎಂಥ ಬಾಳು ಎನಿಸಿ ಅವಳಿಗೆ ಅಳು ಒತ್ತರಿಸಿ ಬಂತು.

“ಆಯ್ತೇನೇ? ನಾಟಕವೇ ಮುಗೀತಾ ಬಂತು!” ಎನ್ನುತ್ತ ಗಡಿಯಾರಮ್ಮ ಒಳಗೆ ಬಂದಳು. ಕಾರ್ಯಕ್ರಮದ ನಿರ್ಮಾಪಕಿ, ಮಣಿಕಟ್ಟು ನೋಡದೆ ಒಂದು ಮಾತನ್ನೂ ಆಡದವಳಾದ್ದರಿಂದ ಆ ಹೆಸರು. ಅಪ್ಪನನ್ನು ಮಾತನಾಡಿಸಿದವಳೂ ಅವಳೇ. ಕಂಪ್ಯೂಟರಿನ ಪರದೆಯಲ್ಲಿ ಮಾತು ನಿಂತಿದ್ದ ಜಾಗವನ್ನು ನೋಡಿ ಅವಳ ಮುಖ ಸಪ್ಪಗಾಯಿತು.

“ಅಲ್ಲೇ ‘ಮಗಳು?’ ಅಂತ ಕೇಳ್ಬೇಕಿತ್ತು ಕಣೇ. ಬಾಯಿ ಬರ್ಲಿಲ್ಲ.”

“ಕೇಳದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ.”

“ಈಗ್ಲೂ ಫೋನ್ ಮಾಡಿ ಒಂದು ಮಾತು ಕೇಳಿ ಸೇರಿಸೋಣ್ವಾ?”

“ಮತ್ತೆ ಅದನ್ನೇ ಅಂದ್ರೆ?” ಎಂದಳು ಅವಳು. “ಒಂದು ಸಲ ಕೇಳಿದ್ದೇ ಸಾಕಾಗಿದೆ ನನಗೆ.”

“ಹಾಗಾದ್ರೆ ಇದ್ದ ಹಾಗೇ ಬಿಡ್ತೀಯಾ?”

“ಬೀದಿಯೋರೆಲ್ಲ ಕೇಳ್ತಾರೆ. ನಾಳೆ ಯಾರಾದ್ರೂ ‘ಹಾಗಾದ್ರೆ ನೀವು ಯಾರಮ್ಮಾ?’ ಅಂದ್ರೆ ಏನು ಹೇಳ್ಲಿ?”

ಗಡಿಯಾರಮ್ಮ ಮೊದಲ ಬಾರಿಗೆ ಗಡಿಯಾರ ನೋಡದೆ ಅವಳ ಬೆನ್ನ ಮೇಲೆ ಕೈಯಿಟ್ಟು, “ನಿನಗೆ ಸರಿ ಅನ್ಸಿದ್ದು ಮಾಡು,” ಎಂದು ಹೊರಟುಹೋದಳು.

ಅವಳು ಪ್ರಶ್ನೆಯನ್ನೂ ಉತ್ತರವನ್ನೂ ಒಟ್ಟಿಗೆ ಕತ್ತರಿಸಿದಳು. ಅಣ್ಣಂದಿರು ಹಟ, ತುಂಟತನಗಳ ಸಮೇತ ಮಾಯವಾದಾಗ ಒಂದಿಷ್ಟು ಖುಷಿಯೂ ಆಯಿತು, ಸುಳ್ಳೇಕೆ ಹೇಳಬೇಕು. ಎರಡು ತುದಿಗಳನ್ನು ಕೂಡಿಸಿ ಕೇಳಿದಳು. ಗಡಿಯಾರಮ್ಮನನ್ನೂ ಕರೆದು ಕೇಳಿಸಿದಳು. ಹೊಲಿಗೆ ಎಲ್ಲಿದೆಯೆಂದು ಅವಳಿಗೂ ತಿಳಿಯಲಿಲ್ಲ.

ಸಂಜೆ ಮನೆ ತಲುಪಿದಾಗ ಅಪ್ಪ ಬಟನ್ ತಪ್ಪಿ ಹಾಕಿದ ಅಂಗಿಯಲ್ಲಿ ರೇಡಿಯೋದ ಮುಂದೆ ಕೂತಿದ್ದರು. ಹಗಲೆಲ್ಲ ನೋಡಿಕೊಳ್ಳುವ ಪಕ್ಕದ ಮನೆಯವರು ಚಪ್ಪಲಿ ಮೆಟ್ಟುತ್ತ, “ಇವತ್ತು ಒಂದನ್ನೂ ಬಿಟ್ಟಿಲ್ಲಮ್ಮ, ಜೇನು ಸಾಕೋದನ್ನೂ ಕೇಳಿದಾರೆ,” ಎಂದು ನಕ್ಕು ಹೋದರು. ಅವಳು ಅಪ್ಪನ ಎದುರು ಕೂತು ಬಟನ್ ಬಿಚ್ಚಿ ಸರಿಯಾಗಿ ಹಾಕುವಾಗ ‘ಹಳೆಯ ದನಿ’ ಶುರುವಾಯಿತು. ಅಪ್ಪ ತಮ್ಮ ಮಾತಿಗೆ ತಾವೇ ತಲೆದೂಗುತ್ತ, “ದನಿ ಪರವಾಗಿಲ್ಲ, ಅಲ್ವಾ?” ಎಂದರು. ಇದ್ದಕ್ಕಿದ್ದಂತೆ ಕೈ ಎತ್ತಿದರು.

“ಇಲ್ಲಿ ಕತ್ತರಿ ಬಿದ್ದಿದೆ.”

ಅವಳು ತಲೆಯೆತ್ತಿದಳು. “ಎಲ್ಲಿ?”

“ಈಗ ಹೋಯ್ತಲ್ಲ. ಉಸಿರು ಎಳ್ಕೊಂಡಿದ್ದು ಒಂದು ಮಾತಿಗೆ, ಆಡಿದ್ದು ಇನ್ನೊಂದು. ನಾನು ಏನೋ ಹೇಳಿದ್ದೆ ಅಲ್ಲಿ. ಏನದು?”

ಏನಾದರೊಂದು ಹೇಳಿ ಸಾಗಹಾಕಬಹುದಿತ್ತು. ಆದರೆ ಅಪ್ಪ ಕಳೆದದ್ದನ್ನು ಹುಡುಕುವವರಂತೆ ಅವಳ ಮುಖವನ್ನೇ ನೋಡುತ್ತಿದ್ದರು. ಸುಳ್ಳು ಬಾಯಿಗೆ ಬರಲಿಲ್ಲ.

“ಮಕ್ಕಳ ವಿಷಯ. ಇಬ್ಬರು ಗಂಡು ಮಕ್ಕಳು ಅಂದಿದ್ರಿ.” ಬೇಡಬೇಡವೆಂದರೂ ನಾಲಗೆ ಮುಂದುವರಿಯಿತು. “ಇಬ್ಬರೇನಾ?”

“ಸದ್ಯಕ್ಕೆ ಇಬ್ಬರೇ.” ಅಪ್ಪ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಅವಳಿಗೆ ಈಗ ದಿನ ತುಂಬ್ತಾ ಇದೆ. ಈ ಸಲ ಹೆಣ್ಣಾಗ್ಲಿ ಅಂತ ನನ್ನಾಸೆ. ಅವಳ ಹತ್ರ ಹೇಳ್ಬೇಡಿ, ನಗ್ತಾಳೆ. ನಾನಾಗ್ಲೇ ಹೆಸರೂ ಹುಡುಕಿಟ್ಟಿದೀನಿ.”

ಅವಳ ಕೈ ಕೊನೆಯ ಬಟನ್ನಿನ ಮೇಲೆ ನಿಂತಿತು. “ಏನು ಹೆಸರು?”

ಅಪ್ಪ ಬಾಗಿ ಅವಳ ಕಿವಿಯಲ್ಲಿ ಅವಳದೇ ಹೆಸರು ಹೇಳಿದರು.

“ಚೆನ್ನಾಗಿದೆಯಾ?”

ಅವಳು ಹೌದೆಂದು ತಲೆಯಾಡಿಸಿದಳು. ಅಷ್ಟರಲ್ಲಿ ವಾರ್ತೆ ಶುರುವಾಯಿತು. ಅಪ್ಪ ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿ ಎಂದು ಅವಳಿಗೆ ಸನ್ನೆ ಮಾಡಿದರು.